ಪ್ರೆಶರ್ ಕುಕ್ಕರಿನಲ್ಲಿ ಚೀಸ್ ಪೊಲೆಂಟಾ: ತಳ ಹಿಡಿಯದೆ, ಗಂಟಾಗದೆ ಮಾಡುವುದು ಹೇಗೆ?

ಹೊಸರುಚಿ_ಮೈಸೂರು

ನಮಸ್ಕಾರ. ಇಟಲಿಯ ಪೊಲೆಂಟಾ, ಅಂದರೆ ಮೆಕ್ಕೆಜೋಳದ ತರಿಯ ಪೊಟ್ಟಣ ಇದೆ, ಮೇಲೆ ‘ಬ್ರಮಾತಾ’ (ದಪ್ಪ ತರಿ) ಎಂದು ಬರೆದಿದೆ. 45 ನಿಮಿಷ ಕೈಯಾಡಿಸುತ್ತಾ ಬೇಯಿಸಿ ಎಂಬುದು ಅವರ ಸೂಚನೆ. ಇದನ್ನು 5 ಲೀಟರಿನ ಕುಕ್ಕರಿನಲ್ಲಿ, ಗ್ಯಾಸ್ ಒಲೆಯ ಮೇಲೆ, ನಾಲ್ಕು ಜನಕ್ಕೆ ಮಾಡಬೇಕು. ತಟ್ಟೆಗೆ ಬಡಿಸಿದರೆ ತಾನಾಗಿ ಹರಡಿಕೊಳ್ಳುವಷ್ಟು ಮೆತ್ತಗಿರಬೇಕು, ಚೀಸ್ ನುಣ್ಣಗೆ ಬೆರೆಯಬೇಕು. ನೀರು ಎಷ್ಟು? ಹಾಲನ್ನು ಮೊದಲೇ ಹಾಕಬಹುದೇ? ಎಷ್ಟು ಕೂಗು ಕೂಗಿಸಬೇಕು? ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಯಾವ ಚೀಸ್ ತರಲಿ?

ಒಲೆಮುಂದೆ

ಪೊಲೆಂಟಾವನ್ನು ನೇರವಾಗಿ ಕುಕ್ಕರಿನ ತಳಕ್ಕೆ ಸುರಿಯಬೇಡಿ. ಅನ್ನಕ್ಕೆ ಇಡುವ ಹಾಗೆ ಒಳಪಾತ್ರೆಯಲ್ಲಿ ಇಡಿ. ಹಿಟ್ಟು ಗಟ್ಟಿಯಾದ ಮೇಲೆ ಬಿಸಿ ಮೇಲೆ ಕೆಳಗೆ ಸುತ್ತಾಡುವುದಿಲ್ಲ. ತಳದ ಪದರ ಅಲ್ಲೇ ಕೂತು ಸೀಯುತ್ತದೆ, ಮೇಲಿನದು ಅರೆಬೆಂದು ಉಳಿಯುತ್ತದೆ, ಮುಚ್ಚಳ ಹಾಕಿದ ಮೇಲೆ ಕೈಯಾಡಿಸುವ ಮಾತೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಕೊತಕೊತ ಕುದಿಯುವ ಗಂಜಿ ಮೇಲಕ್ಕೆ ಸಿಡಿದು ವೆಯ್ಟ್ ಕೂರುವ ಕೊಳವೆಯಲ್ಲಿ ಕಟ್ಟಿಕೊಂಡರೆ ಆವಿ ಹೊರಬರಲು ದಾರಿ ಇರುವುದಿಲ್ಲ.

ಅಳತೆ: ಪೊಲೆಂಟಾ 200 ಗ್ರಾಂ (240 ಮಿಲಿ ಕಪ್ಪಿನಲ್ಲಿ ಹೆಚ್ಚುಕಡಿಮೆ ಒಂದೂಕಾಲು), ನೀರು 900 ಮಿಲಿ, ಉಪ್ಪು ಮುಕ್ಕಾಲು ಟೀ ಚಮಚ. ಕೊನೆಗೆ ಬೆರೆಸಲು ಬಿಸಿ ಹಾಲು 200ರಿಂದ 250 ಮಿಲಿ, ಬೆಣ್ಣೆ 30 ಗ್ರಾಂ, ತುರಿದ ಚೀಸ್ 80 ಗ್ರಾಂ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದಿಸಿದರೆ ಸಾಕಷ್ಟು ನೀರು ಆವಿಯಾಗಿ ಹೋಗುತ್ತದೆ, ಕುಕ್ಕರಿನಲ್ಲಿ ಹೆಚ್ಚೇನೂ ಹೋಗುವುದಿಲ್ಲ. ಹಾಗಾಗಿ ಪೊಟ್ಟಣದ ಅಳತೆಯನ್ನು ಹಾಗೇ ಹಾಕಿದರೆ ನೀರು ಹೆಚ್ಚಾದೀತು.

ಕುಕ್ಕರಿನೊಳಗೆ ಹಿಡಿಸುವ 2 ಲೀಟರಿನ ಸ್ಟೀಲ್ ಪಾತ್ರೆಯನ್ನೇ ಮೊದಲು ಒಲೆಯ ಮೇಲಿಡಿ. ನೀರು, ಉಪ್ಪು ಕುದಿಯಲಿ. ಒಂದು ಕೈಯಲ್ಲಿ ತರಿಯನ್ನು ಸಣ್ಣಗೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಂತಿಯ ವಿಸ್ಕ್‌ನಿಂದ ಬಿಡದೆ ತಿರುವಿ. ಒಟ್ಟಿಗೆ ಸುರಿದರೆ ಹೊರಗಿನ ಹಿಟ್ಟು ತಕ್ಷಣ ಅಂಟಾಗಿ, ಒಳಗೆ ಒಣಪುಡಿ ಸಿಕ್ಕಿಕೊಂಡು ಗಂಟಾಗುತ್ತದೆ. ಈಗ ಉರಿ ತಗ್ಗಿಸಿ ಮೂರು ನಾಲ್ಕು ನಿಮಿಷ ತಿರುವುತ್ತಲೇ ಇರಿ. ವಿಸ್ಕ್ ನಿಲ್ಲಿಸಿದರೂ ತರಿ ತಳಕ್ಕೆ ಇಳಿಯದೆ ತೇಲುತ್ತಿರಬೇಕು, ಅಲ್ಲಿಯವರೆಗೆ. ಈ ಮೂರು ನಿಮಿಷ ಉಳಿಸಲು ಹೋದವರಿಗೇ ಅಡಿಯಲ್ಲಿ ಬಿಲ್ಲೆ, ಮೇಲೆ ನೀರು ಸಿಗುವುದು.

ಕುಕ್ಕರಿನ ತಳಕ್ಕೆ ಎರಡು ಕಪ್ ಬಿಸಿ ನೀರು, ಮೇಲೆ ಸ್ಟ್ಯಾಂಡ್, ಅದರ ಮೇಲೆ ಪಾತ್ರೆ. ಆವಿಯ ನೀರು ತೊಟ್ಟಿಕ್ಕದಂತೆ ಪಾತ್ರೆಗೆ ತಟ್ಟೆ ಮುಚ್ಚಿ. ಪಾತ್ರೆಯ ಮೂರನೇ ಒಂದು ಭಾಗವಾದರೂ ಖಾಲಿ ಇರಲಿ. ಕೂಗು ಎಣಿಸಬೇಡಿ. ಉರಿ, ಗ್ಯಾಸ್ಕೆಟ್, ವೆಯ್ಟ್ ನೋಡಿಕೊಂಡು ಒಂದೊಂದು ಕುಕ್ಕರೂ ಒಂದೊಂದು ಲೆಕ್ಕದಲ್ಲಿ ಕೂಗುತ್ತದೆ. ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 20 ನಿಮಿಷ ಗಡಿಯಾರ ನೋಡಿ, ಆಮೇಲೆ ಆರಿಸಿ ಪ್ರೆಶರ್ ತಾನಾಗಿ ಇಳಿಯಲು ಬಿಡಿ. ಅದಕ್ಕೆ 10ರಿಂದ 15 ನಿಮಿಷ ಹಿಡಿಯುತ್ತದೆ. ಅವಸರಕ್ಕೆ ವೆಯ್ಟ್ ಎತ್ತಿದರೆ ಒಳಗಿನ ಗಂಜಿ ಒಮ್ಮೆಲೇ ಉಕ್ಕುತ್ತದೆ.

ತೆರೆದಾಗ ಮೇಲೆ ತಿಳಿನೀರು ನಿಂತಿದ್ದರೆ ಗಾಬರಿ ಬೇಡ. ಒಂದು ನಿಮಿಷ ಜೋರಾಗಿ ತಿರುವಿ, ಕೂಡಿಕೊಳ್ಳುತ್ತದೆ. ನಾಲಿಗೆಗೆ ತರಿ ಮರಳಿನಂತೆ ಸಿಕ್ಕರೆ ಇನ್ನೂ ಬೆಂದಿಲ್ಲ: ಅರ್ಧ ಕಪ್ ಕುದಿನೀರು ಬೆರೆಸಿ ಮತ್ತೆ 5 ನಿಮಿಷ ಇಡಿ.

ಹಾಲನ್ನು ಮೊದಲು ಹಾಕಲೇಬೇಡಿ. ತಿರುವುವಾಗ ತಳ ಹಿಡಿಯುತ್ತದೆ, ಒತ್ತಡದಲ್ಲಿ ನೊರೆ ಉಕ್ಕುತ್ತದೆ, 120 ಡಿಗ್ರಿಯ ಹತ್ತಿರದ ಬಿಸಿಯಲ್ಲಿ ಅಷ್ಟು ಹೊತ್ತು ಇದ್ದರೆ ಕಂದುಬಣ್ಣಕ್ಕೆ ತಿರುಗಿ ಕಾಯಿಸಿದ ವಾಸನೆ ಬರುತ್ತದೆ.

ಬೆಣ್ಣೆಗುಡ್ಡ

ಮೇಲಿನವರು ಹೇಳಿದ್ದು ಸರಿಯಾಗಿದೆ, ನಾನು ಚೀಸಿನ ಬಗ್ಗೆ ಮಾತ್ರ ಹೇಳುತ್ತೇನೆ.

ಇಟಲಿಯ ಗಟ್ಟಿ ಚೀಸ್‌ಗಳಾದ ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ ಎರಡನ್ನೂ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ (ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವ) ಹಾಕಿಯೇ ಮಾಡುತ್ತಾರೆ. ಸಸ್ಯಾಹಾರಿಗಳಿಗೆ ಅವು ಆಗುವುದಿಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಮತ್ತು ‘ಮೈಕ್ರೋಬಿಯಲ್ ರೆನ್ನೆಟ್’ (ಸೂಕ್ಷ್ಮಜೀವಿಗಳಿಂದ ಪಡೆದದ್ದು) ಎಂಬ ಮಾತು ಹುಡುಕಿ. ಗೌಡಾ 50 ಗ್ರಾಂ, ಹಳೆಯ ಚೆಡ್ಡರ್ 30 ಗ್ರಾಂ ಸೇರಿಸಿದರೆ ಒಂದು ಮೆತ್ತಗೆ ಕರಗುತ್ತದೆ, ಇನ್ನೊಂದು ರುಚಿ ಕೊಡುತ್ತದೆ. ಮೊಜರೆಲ್ಲಾ ಬರೀ ಎಳೆ ಎಳೆಯುತ್ತದೆ, ರುಚಿ ಸಪ್ಪೆ. ಪ್ರೊಸೆಸ್ಡ್ ಚೀಸಿನಲ್ಲಿ ಜಿಡ್ಡು, ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್ ಲವಣಗಳು ಇರುವುದರಿಂದ ಒಡೆಯುವ ಭಯವೇ ಇಲ್ಲ, ಆದರೆ ಉಪ್ಪು ಜಾಸ್ತಿ. ಅದನ್ನು ಹಾಕುವುದಾದರೆ ನೀರಿಗೆ ಅರ್ಧ ಚಮಚ ಉಪ್ಪು ಸಾಕು.

ಕುಕ್ಕರಿನಿಂದ ತೆಗೆದ ಪೊಲೆಂಟಾ ವಿಪರೀತ ಬಿಸಿ ಇರುತ್ತದೆ. ಆಗಲೇ ಚೀಸ್ ಹಾಕಿದರೆ ಅದರ ಪ್ರೋಟೀನ್ ಬಿಗಿದುಕೊಂಡು ಕಾಳುಕಾಳಾಗಿ, ಜಿಡ್ಡು ಮೇಲೆ ತೇಲುತ್ತದೆ. ಒಲೆಯಿಂದ ಇಳಿಸಿಟ್ಟು ಮೊದಲು ಹಾಲು, ಆಮೇಲೆ ಬೆಣ್ಣೆ ಬೆರೆಸಿ ಎರಡು ನಿಮಿಷ ಬಿಡಿ, ನಂತರ ಸಣ್ಣಗೆ ತುರಿದ ಚೀಸನ್ನು ಮೂರು ಸಲಕ್ಕೆ ಹಾಕಿ. ಮತ್ತೆ ಒಲೆಗೆ ಇಡಬೇಡಿ. ಅಂಗಡಿಯ ತುರಿದ ಚೀಸ್ ಪೊಟ್ಟಣ ಬೇಡ, ಅಂಟದಿರಲೆಂದು ಅದಕ್ಕೆ ಪಿಷ್ಟ ಸವರಿರುತ್ತಾರೆ.

ಉತ್ತರ ಇಟಲಿಯ ವಾಲ್ ದ’ಆವೊಸ್ತಾದ ಪೊಲೆಂಟಾ ಕೊಂಚಾ ಎಂಬುದು ಇದೇ ಜಾತಿಯದು, ಅಲ್ಲಿ ಫೊಂತಿನಾ ಚೀಸ್ ಮತ್ತು ಬೆಣ್ಣೆ ಧಾರಾಳ. ಅಲ್ಲಿನದೇ ಇನ್ನೊಂದು ಕಣಿವೆ ವಾಲ್ತೆಲ್ಲಿನಾದ ಪೊಲೆಂಟಾ ತರಾಞಾದಲ್ಲಿ ಬಕ್‌ವೀಟ್ ಹಿಟ್ಟೂ ಇರುತ್ತದೆ, ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಅದೇ. 200 ಗ್ರಾಮಿನಲ್ಲಿ 60 ಗ್ರಾಂ ಅದನ್ನು ಬದಲಿಸಿ ನೋಡಿ. ಬಣ್ಣ ಬೂದಿ, ರುಚಿ ಅಪರೂಪದ್ದು.

ಹೊಸರುಚಿ_ಮೈಸೂರು

ಇಬ್ಬರಿಗೂ ಧನ್ಯವಾದ. ಈ ಪೊಟ್ಟಣ ಮುಗಿದ ಮೇಲೆ ಇಲ್ಲಿನ ಮೆಕ್ಕೆಜೋಳ ಆಗುತ್ತದೆಯೇ? ಹಿಟ್ಟೋ, ರವೆಯೋ?

ಹಾವೇರಿ_ರೊಟ್ಟಿ

ಆಗ್ತದ್ರಿ, ಛಲೋ ಆಗ್ತದ. ಹಿಟ್ಟು ಬ್ಯಾಡ, ಭಾಳ ಸಣ್ಣ, ಅಂಟಂಟು ಆಗ್ತದ. ಕಾರ್ನ್‌ಫ್ಲೋರ್ ಅಂತೂ ಬರೇ ಪಿಷ್ಟ, ಅದು ಬ್ಯಾರೆನ. ಗೋವಿನಜೋಳ ಗಿರಣಿಗೆ ಕೊಟ್ಟು ಉಪ್ಪಿಟ್ಟಿನ ರವಾದಷ್ಟು ದಪ್ಪ ಒಡಿಸ್ರಿ. ಮನಿಗೆ ತಂದು ಸಣ್ಣ ಜರಡಿ ಹಿಡಿದು ಹಿಟ್ಟು ತಗದು, ಉಳಿದದ್ದನ್ನ ನೀರಾಗ ಹಾಕಿ ಮ್ಯಾಲ ತೇಲೋ ಸಿಪ್ಪಿ ಚೆಲ್ಲರಿ. ಅಳತಿ ಮಾಡಿದ 900 ಮಿಲಿ ನೀರಿನಾಗ ರಾತ್ರಿ ನೆನಿ ಇಟ್ಟರ ಕುಕ್ಕರ್‌ನ್ಯಾಗ 15 ನಿಮಿಷ ಸಾಕು, ಯಾಕಂದ್ರ ನೀರು ಕಾಳಿನ ನಡುಮಟ ಹೋಗಿರ್ತದ. ನೆನಸಿದ್ದನ್ನ ತಣ್ಣೀರಿನಿಂದನ ಒಲಿಗೆ ಇಟ್ಟು ತಿರುವ್ರಿ, ಗಂಟ ಆಗೂದಿಲ್ಲ. ಗಿರಣಿ ರವಾದಾಗ ಮೊಳಕಿ ಭಾಗನೂ ಇರ್ತದ, ಅದರ ಎಣ್ಣಿಯಿಂದ ಲಗೂನ ಕಮಟು ಹಿಡೀತದ. ಒಂದು ತಿಂಗಳಿಗಾಗುವಷ್ಟೇ ಒಡಿಸಿ ಫ್ರಿಜ್ಜಿನಾಗ ಇಡ್ರಿ.

ಕಡಲಾಚೆ_ಅಡುಗೆ

ಇನ್‌ಸ್ಟಂಟ್ ಪಾಟಿನಂಥ ವಿದ್ಯುತ್ ಕುಕ್ಕರ್ ಇರುವವರಿಗೆ: ವಿಧಾನ ಇದೇ, ಸಮಯ 25 ನಿಮಿಷ, ಅದರ ಒತ್ತಡ ನಮ್ಮ ಒಲೆಯ ಕುಕ್ಕರಿಗಿಂತ ಸ್ವಲ್ಪ ಕಡಿಮೆ. ನೇರ ತಳಕ್ಕೆ ಹಾಕಿದರೆ ಹಿಟ್ಟು ಕೂತು ‘ಬರ್ನ್’ ಎಂದು ತೋರಿಸಿ ನಿಂತುಬಿಡುತ್ತದೆ. ‘5 ನಿಮಿಷದ ಪೊಲೆಂಟಾ’ ಪೊಟ್ಟಣಗಳನ್ನು ಮೊದಲೇ ಬೇಯಿಸಿ ಒಣಗಿಸಿರುತ್ತಾರೆ, ಅವನ್ನು ಯಾವ ಕುಕ್ಕರಿಗೂ ಹಾಕಬೇಡಿ, ಅಂಟಿನ ಮುದ್ದೆಯಾಗುತ್ತದೆ.

ಬಡಿಸುವುದು ತಡವಾದರೆ ಗಟ್ಟಿಯಾಗುತ್ತದೆ, ಅರ್ಧರ್ಧ ಕಪ್ ಬಿಸಿ ಹಾಲು ಬೆರೆಸಿ ತಿರುವಿದರೆ ಮೊದಲಿನ ಹದಕ್ಕೆ ಬರುತ್ತದೆ. ಪೂರ್ತಿ ತಣ್ಣಗಾದದ್ದನ್ನು ಮೆತ್ತಗೆ ಮಾಡಲು ಹೋಗಬೇಡಿ. ಎಣ್ಣೆ ಸವರಿದ ತಟ್ಟೆಗೆ ಎರಡು ಸೆಂಟಿಮೀಟರ್ ದಪ್ಪ ಹರಡಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಕತ್ತರಿಸಿ ಕಬ್ಬಿಣದ ಕಾವಲಿಯ ಮೇಲೆ ಒಂದೊಂದು ಮಗ್ಗುಲು ಐದಾರು ನಿಮಿಷ ಅಲುಗಾಡಿಸದೆ ಬೇಯಿಸಿ. ಬೇಗ ಮಗುಚಿದರೆ ಗರಿಗರಿ ಪದರ ಕಾವಲಿಗೇ ಅಂಟಿಕೊಳ್ಳುತ್ತದೆ.