ಅಪ್‌ಡೇಟ್: ಕೋಲಾರದ ಕಲಾ ಕೇಂದ್ರದವರು ಒಪ್ಪಿಕೊಂಡರು!

ನಮ್ಮೂರಿನ ಸಮುದಾಯ ಕಲಾ ಕೇಂದ್ರದಲ್ಲಿ ಅತಿಥಿ ಕ್ಯುರೇಟರ್ (ಕೃತಿಗಳನ್ನು ಆರಿಸಿ ಪ್ರದರ್ಶನ ಜೋಡಿಸುವವರು) ಆಗಿ ಸಮಕಾಲೀನ ಕಲಾ ಪ್ರದರ್ಶನ ಮಾಡಬೇಕು, ಅವರನ್ನು ಹೇಗೆ ಕೇಳೋದು ಅಂತ ಹೋದ ತಿಂಗಳು ಕೇಳಿದ್ದೆ. ಸುಮ್ನೆ ಫೋಟೊ ಕಳಿಸಬೇಡಿ, ಒಂದು ಪುಟದಲ್ಲಿ ವಿಚಾರ ಬರೆಯಿರಿ, ಗೋಡೆ ಅಳೆಯಿರಿ, ಖರ್ಚಿನ ಲೆಕ್ಕ ಕೊಡಿ ಅಂದಿದ್ದಿರಿ. ಹಾಗೇ ಮಾಡಿದೆ.

ವಿಷಯ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಪ್ರದೇಶ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ. ಗಾಳಿ ಜೋರಾದರೆ ಆ ಧೂಳು ಮನೆಯೊಳಗೇ ಬರುತ್ತದೆ. ನನ್ನ ಪಟ್ಟಿಯ ಐದೂ ಕಲಾವಿದರು ಆ ಧೂಳಿನಲ್ಲೇ ಬೆಳೆದವರು.

ಮೀಟಿಂಗ್‌ನಲ್ಲಿ ಮೊದಲ ಪ್ರಶ್ನೆ, "ಇದು ಜನಕ್ಕೆ ಅರ್ಥ ಆಗುತ್ತಾ?" ನಾನು ಒಂದು ಕೃತಿಯನ್ನೇ ಮೇಜಿನ ಮೇಲಿಟ್ಟೆ. ಕಲಾವಿದೆಯ ತಾತನ ಗಣಿ ಹೆಲ್ಮೆಟ್ ಅದು. ಒಳಗಿನ ಚರ್ಮದ ಪಟ್ಟಿ ಬೆವರಿಗೆ ಕಪ್ಪಾಗಿದೆ, ಅದರ ಮೇಲೆ ಅವಳು ಹಳದಿ ದಾರದಲ್ಲಿ ಪಾಳಿಯ ಸಮಯ ಹೊಲಿದಿದ್ದಾಳೆ. ಸಮಿತಿಯ ಹಿರಿಯರೊಬ್ಬರು ಅದನ್ನು ತಿರುಗಿಸಿ, ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಬರೀ ತಾರೀಖಿನ ಮಾತು. ನನಗಂತೂ ಗಂಟಲು ಕಟ್ಟಿತು.

ಸಿಕ್ಕಿದ್ದು 12 ದಿನ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಪ್ಯಾನೆಲ್ ನಾವೇ ತರಬೇಕು. ಬರಹಗಳು ಕನ್ನಡದ ಜೊತೆ ತಮಿಳಿನಲ್ಲೂ ಇರಲಿ ಅಂತ ನಾನೇ ಹಟ ಹಿಡಿದೆ. ಗಣಿ ಕಾಲೋನಿಯ ಅಜ್ಜಿಯರು ಓದಬೇಕಲ್ವಾ? ಚಿತ್ರದ ನಡುಭಾಗ ನೆಲದಿಂದ 150 ಸೆಂ.ಮೀ. ಅನ್ನೋದು ರೂಢಿ. ಶಾಲೆ ಮಕ್ಕಳು ಜಾಸ್ತಿ ಬರುವುದರಿಂದ ಸ್ವಲ್ಪ ಇಳಿಸುತ್ತಿದ್ದೇವೆ.

ನಾಳೆ ಬಡಗಿಯ ಹತ್ತಿರ ಹೋಗುತ್ತಿದ್ದೇನೆ.