ಸಹಾಯ ಬೇಕು: ಬಟ್ಟಲಿನ ಮೇಲೆ ತಂತಿಯಿಂದ ಸುಟ್ಟ ಗೆರೆ ಒಂದೇ ಸಮನೆ ಬರುತ್ತಿಲ್ಲ

ಲೇತ್‌ನಲ್ಲಿ ಕಡೆದ 200 ಮಿ.ಮೀ. ವ್ಯಾಸದ ಮರದ ಬಟ್ಟಲಿಗೆ ಹೊರಗಡೆ ಮೂರು ಕಪ್ಪು ಗೆರೆ ಬೇಕು. ಸ್ಕ್ಯೂ ಉಳಿಯ (ಓರೆ ಅಂಚಿನ ಉಳಿ) ಮೂತಿಯಿಂದ ಸುಮಾರು 1 ಮಿ.ಮೀ. ಆಳದ ಗೀರು ಹಾಕಿ, 0.7 ಮಿ.ಮೀ. ಉಕ್ಕಿನ ತಂತಿಯನ್ನು ಅದರಲ್ಲಿ ಕೂರಿಸಿ, ತಿರುಗುತ್ತಿರುವ ಬಟ್ಟಲಿಗೆ ಉಜ್ಜಾಟದ ಶಾಖದಿಂದ ಹೊಗೆ ಬರುವವರೆಗೆ ಒತ್ತುತ್ತಿದ್ದೇನೆ. ವೇಗ 800 ಆರ್‌ಪಿಎಂ. ತಂತಿಯ ಎರಡೂ ತುದಿಗೆ ಮರದ ಹಿಡಿಕೆಗಳಿವೆ (ಬೆರಳಿಗೆ ಸುತ್ತಿಕೊಳ್ಳುವ ಮಾತೇ ಇಲ್ಲ, ಸಿಕ್ಕಿಕೊಂಡರೆ ಬೆರಳೇ ಹೋದೀತು).

ಲೇತ್‌ನಲ್ಲೇ ಕಡೆದ 50 ಮಿ.ಮೀ. ವ್ಯಾಸದ ಹಿಡಿಕೆಗಳ ಮೇಲೆ, 2000 ಆರ್‌ಪಿಎಂನಲ್ಲಿ, ಇದೇ ತಂತಿ ಕೆಲವೇ ಕ್ಷಣಗಳಲ್ಲಿ ಗಾಢ ಗೆರೆ ಕೊಡುತ್ತದೆ. ಬಟ್ಟಲಿನಲ್ಲಿ ಮಾತ್ರ ನಾರಿನ ತುದಿ ಬರುವ ಎರಡು ಕಡೆ ಕಪ್ಪು, ಉಳಿದೆರಡು ಕಡೆ ತಿಳಿಕಂದು. ಸುತ್ತಳತೆ ನಾಲ್ಕು ಪಟ್ಟಾದ್ದರಿಂದ ಶಾಖ ಹಂಚಿಹೋಗುತ್ತಿದೆ ಎಂಬುದು ನನ್ನ ಊಹೆ. ಹೆಚ್ಚು ಒತ್ತಿದರೆ ತಂತಿ ಕೆಂಪಾಗಿ ತುಂಡಾಗುತ್ತದೆ, ಇಲ್ಲವೇ ಇಳಿಜಾರಿನಲ್ಲಿ ಗೀರಿನಿಂದ ಜಾರಿ ಪಕ್ಕದಲ್ಲಿ ಕಲೆ ಮಾಡುತ್ತದೆ. ಆ ಕಲೆ ಉಜ್ಜಿದರೆ ಗೆರೆಯ ಅಂಚೇ ಮಸುಕಾಗುತ್ತದೆ.

1 ಮಿ.ಮೀ. ತಂತಿಗೆ ಹೋಗಬೇಕೇ, ಗೀರನ್ನೇ ಆಳ ಮಾಡಬೇಕೇ? ನೈಕ್ರೋಮ್‌ (ಶಾಖ ತಡೆಯುವ ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿಯಿಂದ ಪ್ರಯೋಜನವಿದೆಯೇ? ಒಳಮೈಗೆ ತಂತಿ ತಲುಪುವುದಿಲ್ಲ. ಅಲ್ಲಿ ಲ್ಯಾಮಿನೇಟ್ ಚೂರಿನ ಅಂಚು ಒತ್ತುವವರು ಅದನ್ನು ಯಾವ ಕೋನಕ್ಕೆ ಉಜ್ಜಿಕೊಳ್ಳುತ್ತೀರಿ? ಮಾಡಿ ನೋಡಿದವರು ಅಳತೆ ಸಮೇತ ತಿಳಿಸಿ.