ಒಂದು ಬಿಕ್ಕಳಿಕೆ, ಹತ್ತು ಲಿಂಕು

ಹೋದ ಭಾನುವಾರ ನಾವು ನಾಲ್ವರು ಸೇರಿದ್ದೆವು. ಯಾರಿಗೂ ಕೆಲಸವಿರಲಿಲ್ಲ. ಸೀನನಿಗೆ ಮಾತ್ರ ಬಿಕ್ಕಳಿಕೆ ಇತ್ತು.

“ಇದನ್ನ ನಿಲ್ಲಿಸೋದು ಹೇಗೆ, ಹಿಕ್, ಸ್ವಲ್ಪ ನೋಡ್ರೋ” ಎಂದ.

ನಾಗು ಗೂಗಲ್ ತೆರೆದ. ರಾಜಿ ಚಾಟ್‌ಬಾಟ್ ತೆರೆದಳು. ಸಂಜೆವರೆಗೂ ಮುಗಿಯದ ಜಗಳ ಶುರುವಾದದ್ದು ಹೀಗೆ.

“ಪುಟಗಟ್ಟಲೆ ಬಂತು!” ಎಂದ ನಾಗು, ತಾನೇ ಬರೆದ ಹಾಗೆ. “ಒಬ್ಬ ಉಸಿರು ಬಿಗಿಹಿಡಿ ಅಂತಾನೆ. ಒಬ್ಬ ತಣ್ಣೀರು ಕುಡಿ ಅಂತಾನೆ. ಇನ್ನೊಬ್ಬ ನಾಲಗೆ ಹಿಡಿದು ಎಳಿ ಅಂತಾನೆ.”

“ನಾನು ಯಾವುದು ಮಾಡಲಿ?”

“ಅದು ನಿನಗೆ ಬಿಟ್ಟಿದ್ದು. ಕಪಾಟು ಎಲ್ಲಿದೆ ಅಂತ ತೋರಿಸೋದಷ್ಟೇ ಇದರ ಕೆಲಸ. ಪುಸ್ತಕ ತೆಗೆಯೋದು, ಓದೋದು, ನಂಬೋದು, ಎಲ್ಲ ನಿನ್ನ ಪಾಲು.”

“ನನ್ನದು ಒಂದೇ ಉತ್ತರ ಕೊಟ್ಟಿದೆ” ಎಂದಳು ರಾಜಿ. “ಹತ್ತು ಸೆಕೆಂಡು ಉಸಿರು ಬಿಗಿಹಿಡಿ.”

ಸೀನ ಹಿಡಿದ. ನಾವು ಎಣಿಸಿದೆವು. ಒಂಬತ್ತಕ್ಕೆ ಹಿಕ್ ಎಂದ.

ನಾಗು ಬಿಡುತ್ತಾನೆಯೇ? ಅವನ ಐದನೇ ಲಿಂಕಿನಲ್ಲಿ ಬೇರೊಂದು ಉಪಾಯ ಸಿಕ್ಕಿತ್ತು. ಅದನ್ನು ಜೋರಾಗಿ ಓದಲು ಹೋಗಿ ರಾಜಿಯ ಮುಖ ನೋಡಿ ನಿಲ್ಲಿಸಿದ. “2006ರಲ್ಲಿ ಇದಕ್ಕೆ ಇಗ್ ನೊಬೆಲ್ ಅನ್ನೋ ತಮಾಷೆ ಬಹುಮಾನ ಬಂದಿದೆ. ಇಷ್ಟೇ ಹೇಳ್ತೀನಿ” ಎಂದು ಕಿವಿ ಕೆಂಪು ಮಾಡಿಕೊಂಡ. ಆಮೇಲೆ ಚೇತರಿಸಿಕೊಂಡು, “ನೋಡು, ಕೇಳದೇ ಇದ್ದದ್ದೂ ಸಿಗೋದು ನಮ್ಮಲ್ಲೇ” ಎಂದ.

“ಅದು ಸಿಗೋದು ಯಾಕೆ ಗೊತ್ತಾ? ನಿನ್ನ ಯಂತ್ರ ನಿನ್ನ ಪ್ರಶ್ನೆಯನ್ನ ಪ್ರಶ್ನೆ ಅಂತ ನೋಡೋದೇ ಇಲ್ಲ” ಎಂದಳು ರಾಜಿ. ಅವಳ ಕೆಲಸವೇ ಕಂಪ್ಯೂಟರಿನದು. ಆದ್ದರಿಂದ ನಾವು ಸುಮ್ಮನೆ ಕೇಳಿದೆವು. ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಹಾಗೆ ಇಡೀ ವೆಬ್ಬಿಗೆ ಒಂದು ಪದಸೂಚಿಯನ್ನು ಮೊದಲೇ ಮಾಡಿಟ್ಟಿರುತ್ತಾರಂತೆ. ಬಿಕ್ಕಳಿಕೆ ಎಂದರೆ ಇಂತಿಂಥ ಪುಟ. ಅಪರೂಪದ ಪದಕ್ಕೆ ತೂಕ ಜಾಸ್ತಿ. ‘ಹೇಗೆ’ ಎಲ್ಲ ಕಡೆ ಇದೆ, ಅದಕ್ಕೆ ಬೆಲೆಯಿಲ್ಲ. ‘ಬಿಕ್ಕಳಿಕೆ’ ಕೆಲವೇ ಕಡೆ ಇದೆ, ಅದಕ್ಕೇ ಬೆಲೆ. 1972ರಲ್ಲಿ ಕರೆನ್ ಸ್ಪಾರ್ಕ್ ಜೋನ್ಸ್ ಎಂಬಾಕೆ ಹೇಳಿದ ಲೆಕ್ಕ ಇದು. 1998ರಲ್ಲಿ ಗೂಗಲ್ ಕಟ್ಟಿದ ಪೇಜ್ ಮತ್ತು ಬ್ರಿನ್ ಇನ್ನೊಂದು ಸೇರಿಸಿದರು. ಹತ್ತು ಪುಟಗಳು ಲಿಂಕ್ ಕೊಟ್ಟು ಯಾರ ಕಡೆ ಬೆರಳು ತೋರಿಸುತ್ತವೋ ಅವನು ದೊಡ್ಡವ. ಆ ಹತ್ತೂ ದೊಡ್ಡವೇ ಆಗಿದ್ದರೆ ಇನ್ನೂ ದೊಡ್ಡವ.

“ಈಗ ಕೇಳು. ‘ಬೆಕ್ಕು ನಾಯಿಯನ್ನು ಅಟ್ಟಿತು.’ ‘ಬೆಕ್ಕನ್ನು ನಾಯಿ ಅಟ್ಟಿತು.’ ಎರಡೂ ಒಂದೇನಾ?”

“ಬೆಕ್ಕಿಗೆ ಅಲ್ಲ” ಎಂದೆ.

“ಪ್ರತ್ಯಯ ಕತ್ತರಿಸಿ ಬರೀ ಪದ ಹೆಕ್ಕೋ ಹಳೇ ಯಂತ್ರಕ್ಕೆ ಎರಡೂ ಒಂದೇ. ಬೆಕ್ಕು, ನಾಯಿ, ಅಟ್ಟು. ಯಾರು ಯಾರನ್ನ ಅನ್ನೋದು ಆ ‘ಅನ್ನು’ ಒಳಗಿದೆ. ಉತ್ತರ ಹೇಳಬೇಕಾದ ಯಂತ್ರ ಅದನ್ನ ಬಿಟ್ಟರೆ ಕೆಟ್ಟ ಹಾಗೆ.”

ದ್ವಿತೀಯಾ ವಿಭಕ್ತಿಗಾಗಿ ಮೇಷ್ಟರು ನನ್ನ ಬೆನ್ನಿಗೆ ಗುದ್ದಿದ್ದು ಸುಮ್ನೆ ಅಲ್ಲ ಎಂದು ಆಗ ಹೊಳೆಯಿತು. ಗೂಗಲ್ಲಿಗೂ ತಡವಾಗಿಯೇ ಹೊಳೆದದ್ದು. ಬ್ರೆಜಿಲ್‌ನವನು ಅಮೆರಿಕಕ್ಕೆ ಹೋಗಲು ವೀಸಾ ಬೇಕಾ ಎಂದು ಕೇಳಿದರೆ, ಬ್ರೆಜಿಲ್‌ಗೆ ಹೊರಟ ಅಮೆರಿಕದವರ ಪುಟ ತೋರಿಸುತ್ತಿತ್ತಂತೆ. 2019ರಲ್ಲಿ ಬರ್ಟ್ ಎಂಬ ಭಾಷಾ ಮಾದರಿ ತಂದ ಮೇಲೆ ಸರಿಹೋಯಿತು. ಒಂದು ‘ಕ್ಕೆ’ಗೆ ಇಷ್ಟು ಪಾಡು.

“ಇರಲಿ ಬಿಡು. ನಿನ್ನ ಉತ್ತರದ ಯಂತ್ರ ಮೊನ್ನೆ ಮೊನ್ನೆ ಹುಟ್ಟಿದ್ದು” ಎಂದ ನಾಗು.

“ಯಾರು ಹೇಳಿದ್ದು? ವೆಬ್ ಹುಟ್ಟೋ ಸುಮಾರು 30 ವರ್ಷ ಮೊದಲೇ ಇತ್ತು. 1961ರದು. ಬೇಸ್‌ಬಾಲ್ ಅಂತಲೇ ಹೆಸರು. ಅಮೆರಿಕನ್ ಲೀಗಿನ ಒಂದು ವರ್ಷದ ಆಟಗಳು ಮಾತ್ರ ಅದಕ್ಕೆ ಗೊತ್ತು. ಯಾರು, ಎಲ್ಲಿ, ಯಾವತ್ತು, ಎಷ್ಟು ರನ್ನು. ಆಮೇಲೆ 1970ರ ದಶಕದಲ್ಲಿ ಲೂನಾರ್ ಬಂತು. ಅಪೊಲೊದವರು ಚಂದ್ರನಿಂದ ತಂದ ಕಲ್ಲುಗಳ ಬಗ್ಗೆ ಏನು ಕೇಳಿದರೂ ಸರಿ, ಕಲ್ಲು ಬಿಟ್ಟು ಬೇರೆ ಕೇಳಬಾರದು.”

“ಸಂಸಾರಸ್ಥ ಯಂತ್ರಗಳು” ಎಂದ ನಾಗು. “ತಮ್ಮ ಹೊಸಿಲು ದಾಟುತ್ತಿರಲಿಲ್ಲ.”

ಚಂದ್ರನ ಮಾತು ಕೇಳಿ ಸೀನನಿಗೆ ಒಂದು ಪ್ರಶ್ನೆ ಬಂತು. “ಚಂದ್ರನ ಮೇಲೆ ಮೊದಲು, ಹಿಕ್, ಬಿಕ್ಕಳಿಸಿದವರು ಯಾರು?”

ನಾಗುವಿನ ಯಂತ್ರ ಬಿಕ್ಕಳಿಕೆಯ ಪುಟ ಕೊಟ್ಟಿತು, ಚಂದ್ರನ ಪುಟ ಕೊಟ್ಟಿತು. ಎರಡನ್ನೂ ಸೇರಿಸುವ ಉಸಾಬರಿಗೆ ಹೋಗಲಿಲ್ಲ. ರಾಜಿಯದು ಕಣ್ಣು ಮಿಟುಕಿಸದೆ ಹೇಳಿತು: “1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್.”

ನಾಗು ಎದ್ದು ನಿಂತು ಚಪ್ಪಾಳೆ ತಟ್ಟಿದ.

“ಇದೇ ಕಷ್ಟ” ಎಂದು ರಾಜಿ ಒಪ್ಪಿಕೊಂಡಳು. “2016ರಲ್ಲಿ ಇಂಥ ಯಂತ್ರಗಳಿಗೆ ಸ್ಕ್ವಾಡ್ ಅಂತ ಒಂದು ಪರೀಕ್ಷೆ ಮಾಡಿದ್ದರು. ಒಂದು ಪ್ಯಾರಾ ಕೊಟ್ಟು ಪ್ರಶ್ನೆ ಕೇಳೋದು. ಲಕ್ಷಕ್ಕೂ ಮೀರಿ ಪ್ರಶ್ನೆ. ಉತ್ತರ ಇದ್ದರೆ ಹುಡುಕಿಬಿಡುತ್ತಿದ್ದವು. ಇಲ್ಲದಿದ್ದರೂ ಏನೋ ಒಂದು ಹೇಳಿಬಿಡುತ್ತಿದ್ದವು. ಅದಕ್ಕೇ 2018ರಲ್ಲಿ ಉತ್ತರವೇ ಇಲ್ಲದ 50,000ಕ್ಕೂ ಹೆಚ್ಚು ಪ್ರಶ್ನೆ ಸೇರಿಸಿದರು. ‘ಇಲ್ಲಿಲ್ಲ’ ಅನ್ನೋದನ್ನ ಕಲಿಸೋಕೆ.”

ನನ್ನ ಭಾವನಿಗೆ ಅಷ್ಟು ಸಾಲದು ಎಂದುಕೊಂಡೆ. ಹೇಳಲಿಲ್ಲ.

“2011ರ ವಾಟ್ಸನ್‌ಗೆ ಮಾನವಿತ್ತು” ಎಂದಳು. ಐಬಿಎಂನವರ ಯಂತ್ರ. ಅಮೆರಿಕದ ಜೆಪರ್ಡಿ ಎಂಬ ಟಿವಿ ಕ್ವಿಜ್‌ನಲ್ಲಿ ಇಬ್ಬರು ಘಟಾನುಘಟಿಗಳನ್ನು ಸೋಲಿಸಿತು. ಒಂದೊಂದು ಪ್ರಶ್ನೆಗೂ ಹಲವು ಉತ್ತರ ಹುಡುಕಿ, ಒಂದೊಂದಕ್ಕೂ ಎಷ್ಟು ನಂಬಿಕೆ ಎಂದು ಅಂಕ ಹಾಕಿ, ಧೈರ್ಯ ಬಂದರೆ ಮಾತ್ರ ಗುಂಡಿ ಒತ್ತುತ್ತಿತ್ತು. ಒಂದು ದಿನ ಕೊನೆಯ ಸುತ್ತಿನಲ್ಲಿ ಉತ್ತರ ಕೊಡಲೇಬೇಕಾಯಿತು. ವಿಷಯ ಅಮೆರಿಕದ ಊರುಗಳು, ಸರಿ ಉತ್ತರ ಶಿಕಾಗೊ. ವಾಟ್ಸನ್ ಬರೆದದ್ದು ಟೊರಾಂಟೊ. ಕೆನಡಾದ್ದು! ಆದರೆ ಮುಂದೆ ಐದು ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು. ಪಣಕ್ಕಿಟ್ಟದ್ದೂ ಬರೀ 947 ಡಾಲರ್.

“ಈಗಿನವಕ್ಕೆ ಆ ಐದು ಚಿಹ್ನೆ ಹಾಕೋಕೆ ಏನು ರೋಗ?” ಎಂದ ನಾಗು.

ಸೀನ ಮತ್ತೆ ಬಾಯಿ ಹಾಕಿದ. “ಜಾಸ್ತಿ ದಿನ ಬಿಕ್ಕಳಿಸಿದವರು ಯಾರು?”

ಇಲ್ಲಿ ರಾಜಿ ಗೆದ್ದಳು. ನಾಗು ಒಂದು ಲಿಂಕ್ ಒತ್ತಿ, ಕುಕೀ ಒಪ್ಪಿ, ಜಾಹೀರಾತು ಮುಚ್ಚುವಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು. ಅಮೆರಿಕದ ಚಾರ್ಲ್ಸ್ ಆಸ್ಬೋರ್ನ್, 1922ರಿಂದ 1990ರವರೆಗೆ, 68 ವರ್ಷ. ಯಾರು, ಯಾವಾಗ, ಎಷ್ಟು ಎಂಬ ಪ್ರಶ್ನೆಗಳಿಗೆ ಹತ್ತು ಲಿಂಕು ಯಾಕೆ, ಅಲ್ವಾ? ನಾಗು ಮಾತ್ರ ತನ್ನ ಪುಟದಲ್ಲೂ ಅದೇ ಇದೆಯೇ ಎಂದು ನೋಡಿದ ಮೇಲೆಯೇ ಒಪ್ಪಿದ. ಸೀನನ ಮುಖ ಬಿಳಿಚಿಕೊಂಡಿತು.

“ಅಲ್ಲದೆ ಇವತ್ತಿನವು ಎಷ್ಟೋ ಸಲ ಮೊದಲು ಹುಡುಕಿ, ಸಿಕ್ಕ ಪುಟ ಓದಿ, ಆಮೇಲೆ ಉತ್ತರ ಬರೆಯುತ್ತವೆ.”

“ಅಂದ್ರೆ ಒಳಗೆ ಕೂತಿರೋದು ನಮ್ಮವನೇ!” ನಾಗುವಿಗೆ ಖುಷಿಯೋ ಖುಷಿ. “ಹಾಗಾದ್ರೆ 2024ರ ಕಲ್ಲಿನ ಕಥೆ ಹೇಳು.”

ರಾಜಿ ಹೇಳಲಿಲ್ಲ. ಅವನೇ ಹೇಳಿದ. ಎಷ್ಟು ಕಲ್ಲು ತಿನ್ನಬೇಕು ಎಂದು ಯಾರೋ ಕೇಳಿದರೆ, ಗೂಗಲ್ಲಿನ ಎಐ ಉತ್ತರ ದಿನಕ್ಕೊಂದು ಸಣ್ಣ ಕಲ್ಲು ಎಂದಿತ್ತು. ಮೂಲ ನೋಡಿದರೆ ಒಂದು ಅಣಕು ಪತ್ರಿಕೆಯ ತಮಾಷೆ. “ಬರೀ ಲಿಂಕ್ ಕೊಟ್ಟಿದ್ದರೆ ಪತ್ರಿಕೆ ಹೆಸರು ನೋಡಿ ನಕ್ಕು ಬಿಡ್ತಿದ್ದೆ. ಇದು ನಗು ಸೋಸಿ ಕಲ್ಲು ಮಾತ್ರ ಕೊಟ್ಟಿತು.”

ಆಗ ನನಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. “ಸೀನಾ, ನಿನ್ನ ಬಿಕ್ಕಳಿಕೆ?”

ನಿಂತಿತ್ತು. ಯಾವಾಗ ಎಂದು ಅವನಿಗೇ ಗೊತ್ತಿಲ್ಲ. ಆ 68 ವರ್ಷಕ್ಕೆ ಹೆದರಿಯೇ ಇರಬೇಕು ಎಂದು ನನ್ನ ಅಂದಾಜು. ರಾಜಿ ಅದನ್ನು ಫೋನಿಗೂ ತಿಳಿಸಿದಳು. “ಉಸಿರು ಬಿಗಿಹಿಡಿಯುವ ಸಲಹೆ ಫಲಿಸಿದ್ದು ಸಂತೋಷ” ಎಂದಿತು ಅದು.

ನಾಗು ತಲೆಯೆತ್ತಲೇ ಇಲ್ಲ. “ಸ್ವಲ್ಪ ತಾಳ್ರೋ” ಎಂದ. “ಎರಡನೇ ಪುಟದಲ್ಲಿ ಇನ್ನೂ ನಾಲ್ಕು ಲಿಂಕ್ ಬಾಕಿ ಇದೆ.”